ಮೈಸೂರು ಚಿತ್ರದಲ್ಲಿ ಚಿನ್ನ ಏಳುತ್ತಿದೆಯೇ? ಅಂಟು ಹಚ್ಚುವ ಮೊದಲು ಕಾರಣ ಹುಡುಕುವ ಬಗೆ

ಮನೆಯಲ್ಲಿ ತಾತನ ಕಾಲದ ಮೈಸೂರು ಶೈಲಿಯ ಚಿತ್ರ ಇದ್ದವರು ನಮ್ಮಂಥ ಸಂರಕ್ಷಕರ ಹತ್ತಿರ ತರುವ ದೂರು ಹೆಚ್ಚಾಗಿ ಒಂದೇ. "ಚಿನ್ನ ಏಳ್ತಾ ಇದೆ, ಸ್ವಲ್ಪ ಅಂಟಿಸಿಕೊಡಿ." ಅಂಟಿಸಬಹುದು. ಆದರೆ ಯಾಕೆ ಎದ್ದಿತು ಎಂದು ನೋಡದೆ ಅಂಟಿಸಿದರೆ ಮುಂದಿನ ಮಳೆಗಾಲದಲ್ಲಿ ಪಕ್ಕದ ಜಾಗ ಏಳುತ್ತದೆ. ಅದನ್ನೂ ಅಂಟಿಸಿದರೆ ಅದರ ಪಕ್ಕದ್ದು. ಚಿತ್ರಕ್ಕೆ ವಯಸ್ಸಾಯಿತು, ಅದಕ್ಕೇ ಹೀಗೆ ಅನ್ನುವುದು ಸುಲಭ. ನಾನು ನೋಡಿದ ಮಟ್ಟಿಗೆ ವಯಸ್ಸಿನಿಂದಲೇ ಹಾಳಾದವು ಕಡಿಮೆ. ತೂಗುಹಾಕಿದ ಗೋಡೆ, ಹಾಕಿಸಿದ ಕಟ್ಟು (ಫ್ರೇಮು), ಹಿಂದೊಮ್ಮೆ ಯಾರೋ ಮಾಡಿದ ರಿಪೇರಿ, ಈ ಮೂರರಿಂದ ಹಾಳಾದವೇ ಜಾಸ್ತಿ.

ಈ ಬರಹ ರಿಪೇರಿ ಕಲಿಸುವುದಿಲ್ಲ. ದೋಷದ ಮೂಲ ಎಲ್ಲಿದೆ ಎಂದು ಮನೆಯಲ್ಲೇ ಹೇಗೆ ನೋಡಬಹುದು, ಯಾವುದನ್ನು ನೀವೇ ಸರಿಮಾಡಬಹುದು, ಎಲ್ಲಿ ಕೈ ಹಿಂದೆ ತೆಗೆಯಬೇಕು ಎಂದಷ್ಟೇ ಹೇಳುತ್ತದೆ.

ಮೊದಲು, ಒಳಗೆ ಏನಿದೆ

ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಶ್ರಯದಲ್ಲಿ ಬೆಳೆದ ಈ ಶೈಲಿಯ ಚಿತ್ರ ಒಂದೇ ವಸ್ತುವಲ್ಲ. ಹಿಂದೆ ಹಲಗೆ ಅಥವಾ ದಪ್ಪ ರಟ್ಟು. ಅದರ ಮೇಲೆ ಕೆಲವು ಸಲ ಬಟ್ಟೆ. ಅದರ ಮೇಲೆ ಅಂಟಿಸಿದ ಕಾಗದ. ಕಾಗದದ ಮೇಲೆ ಬಣ್ಣ. ಒಡವೆ, ಕಿರೀಟ, ಸೀರೆಯ ಅಂಚು, ಮಂಟಪದ ಕಂಬ ಇರುವಲ್ಲಿ ತೆಳುವಾಗಿ ಉಬ್ಬಿದ ಗೆಸ್ಸೊ, ಅಂದರೆ ಉಬ್ಬು ಮೂಡಿಸುವ ಗಟ್ಟಿ ಲೇಪ. ಅದರ ಮೇಲೆ ಚಿನ್ನದ ರೇಕು. ಕಲಾವಿದರು ಈ ಗೆಸ್ಸೊಗೆ ಮಕ್ಕಿ ಸಫೇದ ಎನ್ನುತ್ತಾರೆ. ಸಫೇದ ಅಂದರೆ ಸೀಸದ ಬಿಳಿ ಪುಡಿ. ಮಕ್ಕಿ ಅಂದರೆ ಹಳದಿ ಬಣ್ಣದ ಮರದ ಅಂಟು. ಇವೆರಡನ್ನೂ ಗೋಂದಿನಲ್ಲಿ ಅರೆದು, ಕುಂಚದಲ್ಲಿ ಪದರ ಪದರವಾಗಿ ಕೂರಿಸುತ್ತಿದ್ದರು.

ಇದರಲ್ಲಿ ಎರಡು ಸಂಗತಿ ನೆನಪಿಡಿ. ಒಂದು, ಇಲ್ಲಿ ಪದರಗಳನ್ನು ಹಿಡಿದಿಟ್ಟಿರುವ ಅಂಟುಗಳೆಲ್ಲ ನೀರಿಗೆ ಕರಗುವಂಥವು. ಬೂಷ್ಟಿಗೂ ಹುಳಕ್ಕೂ ಅವು ಊಟ. ಇನ್ನೊಂದು, ಗಾಳಿಯ ತೇವ ಏರಿ ಇಳಿದಾಗ ಹಲಗೆ ಎಳೆಗೆ ಅಡ್ಡವಾಗಿ ಹಿಗ್ಗಿ ಕುಗ್ಗುತ್ತದೆ, ಕಾಗದವೂ ಹಿಗ್ಗುತ್ತದೆ, ಗೆಸ್ಸೊ ಮಾತ್ರ ಗಟ್ಟಿಯಾಗಿ ಹಾಗೇ ಇರುತ್ತದೆ. ಮೇಲಿನ ರೇಕು ಎಷ್ಟು ತೆಳುವೆಂದರೆ ಅದಕ್ಕೆ ಏನನ್ನೂ ಹಿಡಿದುಕೊಳ್ಳುವ ಶಕ್ತಿ ಇಲ್ಲ. ಹಾಗಾಗಿ "ಚಿನ್ನ ಎದ್ದಿದೆ" ಎಂದು ಕಂಡಾಗ ನಿಜವಾಗಿ ಎದ್ದಿರುವುದು ಬಹುತೇಕ ಗೆಸ್ಸೊ, ಅಥವಾ ಅದರ ಕೆಳಗಿನ ಕಾಗದವೇ.

ನಿಮ್ಮ ಬಳಿ ಇರುವುದು ಮೈಸೂರು ಚಿತ್ರ ಹೌದೇ ಎಂದೂ ಒಮ್ಮೆ ನೋಡಿಕೊಳ್ಳಿ. ಉಬ್ಬು ದಪ್ಪವಾಗಿದ್ದು ಗಾಜಿನ ಹರಳು ಕೂರಿಸಿದ್ದರೆ ತಂಜಾವೂರು ಚಿತ್ರ ಇರಬಹುದು. ಅದರ ಗೆಸ್ಸೊ ಸೀಮೆಸುಣ್ಣದ ಜಾತಿಯದು, ದಪ್ಪ ಮತ್ತು ಭಾರ. ಅದು ಬೀಳುವ ರೀತಿಯೂ ಬೇರೆ, ಗಟ್ಟಿ ತುಂಡಾಗಿ ಬೀಳುತ್ತದೆ. ಇನ್ನು ಭೂತಗನ್ನಡಿಯಲ್ಲಿ ನೋಡಿದಾಗ ಮುಖದ ಬಣ್ಣ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದರೆ ಅದು ಕೈಚಿತ್ರವಲ್ಲ, ಕಲ್ಲಚ್ಚಿನ ಹಳೆಯ ಮುದ್ರಣ. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಶುರುಮಾಡಿದ ಮೇಲೆ ಅಂಥ ದೇವರ ಪಟಗಳು ನಮ್ಮ ಮನೆಮನೆಗೂ ಬಂದವು. ಕೆಲವದಕ್ಕೆ ಆಮೇಲೆ ಜರಿ, ಚಮಕಿ ಅಂಟಿಸಿ ಸಿಂಗಾರ ಮಾಡಿದ್ದೂ ಉಂಟು. ಅವಕ್ಕೂ ಬೆಲೆ ಇದೆ, ಆದರೆ ದೋಷಗಳು ಬೇರೆ. ಈ ಬರಹ ಅವಕ್ಕೆ ಪೂರ್ತಿ ಹೊಂದುವುದಿಲ್ಲ.

ಮುಟ್ಟುವ ಮೊದಲು

ಗೋಡೆಯ ಮೇಲಿರುವಾಗಲೇ ಫೋಟೊ ತೆಗೆಯಿರಿ. ಎದುರಿನಿಂದ ಒಂದು, ನಾಲ್ಕೂ ಮೂಲೆ, ಹಾಳಾದ ಜಾಗ ಹತ್ತಿರದಿಂದ. ಫೋಟೊದಲ್ಲಿ ಒಂದು ಸ್ಕೇಲ್ ಅಥವಾ ನಾಣ್ಯ ಇರಲಿ. ಆಮೇಲೆ ಇಳಿಸಿ, ಮುಖ ಮೇಲೆ ಮಾಡಿ ಮೇಜಿನ ಮೇಲೆ ಮಲಗಿಸಿ. ಅಡಿಯಲ್ಲಿ ಬಿಳಿ ಹಾಳೆ ಹಾಸಿ. ಬಿದ್ದ ಚಕ್ಕೆ ಇದ್ದರೆ ಗುಡಿಸಬೇಡಿ. ಕಾಗದದ ಪೊಟ್ಟಣದಲ್ಲಿ ಹಾಕಿ, ಎಲ್ಲಿಂದ ಬಿದ್ದದ್ದು ಎಂದು ಬರೆದಿಡಿ. ಸಾಸಿವೆ ಕಾಳಿನಷ್ಟು ಚಕ್ಕೆಯನ್ನೂ ಮರಳಿ ಕೂರಿಸಬಹುದು. ಅದು ಕಸದ ಬುಟ್ಟಿಗೆ ಹೋದರೆ ಮಾತ್ರ ಹೊಸ ಗೆಸ್ಸೊ ಹಾಕಬೇಕಾಗುತ್ತದೆ.

ಇನ್ನೊಂದು ಮಾತು. ಹಳೆಯ ಚಿತ್ರದ ಬಿಳಿಯಲ್ಲಿ ಸೀಸ, ಕೆಂಪಿನಲ್ಲಿ ಪಾದರಸ (ಇಂಗಲೀಕ), ಹಳದಿಯಲ್ಲಿ ಪಾಷಾಣ (ಹರಿದಾಳ) ಇರುವ ಸಾಧ್ಯತೆ ಇದೆ. ಸುಮ್ಮನೆ ನೋಡಿದರೆ ಏನೂ ಆಗುವುದಿಲ್ಲ. ಆದರೆ ಬಾಯಿಂದ ಊದುವುದು, ಮರಳು ಕಾಗದದಲ್ಲಿ ಉಜ್ಜುವುದು, ಅದೇ ಮೇಜಿನ ಮೇಲೆ ತಿಂಡಿ ತಿನ್ನುವುದು ಬೇಡ. ಕೈ ತೊಳೆದುಕೊಳ್ಳಿ. ಮಕ್ಕಳನ್ನು ದೂರ ಇಡಿ.

ಹಿಂಬದಿಯಿಂದ ಶುರುಮಾಡಿ

ಎಲ್ಲರ ಕಣ್ಣೂ ಮೊದಲು ಮುಂಭಾಗಕ್ಕೆ ಹೋಗುತ್ತದೆ. ನಾವು ಮೊದಲು ನೋಡುವುದು ಬೆನ್ನು. ಮುಂದೆ ಇರುವುದು ಪರಿಣಾಮ. ಕಾರಣದ ಗುರುತು ಅರ್ಧಕ್ಕರ್ಧ ಹಿಂದೆಯೇ ಸಿಗುತ್ತದೆ. ಚಿತ್ರವನ್ನು ಬೋರಲು ಹಾಕಬೇಡಿ. ಎದ್ದ ಚಕ್ಕೆ ಗಾಜಿಗೆ ಉದುರುತ್ತದೆ. ಒಬ್ಬರು ನೆಟ್ಟಗೆ ಹಿಡಿದುಕೊಳ್ಳಿ, ಇನ್ನೊಬ್ಬರು ಟಾರ್ಚ್ ಹಿಡಿದು ನೋಡಿ.

ಕಂದು ಬಣ್ಣದ ಅಲೆಯಂಥ ಗೆರೆ ಕಂಡರೆ ನೀರು ನುಗ್ಗಿತ್ತು ಎಂದರ್ಥ. ನೀರು ಎಲ್ಲಿಯವರೆಗೆ ಬಂದು ಒಣಗಿತೋ ಅಲ್ಲಿ ಆ ಗೆರೆ ನಿಲ್ಲುತ್ತದೆ. ಗೆರೆ ಕೆಳಗಿನಿಂದ ಮೇಲಕ್ಕೆ ಏರಿದೆಯೇ, ಮೇಲಿನಿಂದ ಇಳಿದಿದೆಯೇ ಗುರುತುಮಾಡಿ. ಮಸಿಯಂಥ, ಬೂದಿಯಂಥ ಅಥವಾ ಹಸಿರು ಮಚ್ಚೆ ಬೂಷ್ಟಿನದು. ಗುಂಡುಸೂಜಿ ತಲೆಯಷ್ಟು ತೂತು ಇದ್ದು ಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆ ಹುಳು. ಮಣ್ಣಿನ ಸಣ್ಣ ಕೊಳವೆ ಕಂಡರೆ ಗೆದ್ದಲು. ಆಗ ಚಿತ್ರ ಬಿಟ್ಟು ಮೊದಲು ಗೋಡೆ ನೋಡಿ. ಕಾಗದದ ಮೇಲ್ಮೈಯನ್ನು ಕೆರೆದು ತಿಂದಂತೆ ತೆಳುವಾಗಿದ್ದರೆ ಬೆಳ್ಳಿ ಬಣ್ಣದ ಆ ಓಡುವ ಹುಳ, ಸಿಲ್ವರ್‌ಫಿಶ್. ಅದಕ್ಕೆ ಮೈದಾ ಅಂಟು ಬಹಳ ಇಷ್ಟ.

ಹಿಂದೆ ಪ್ಲೈವುಡ್ಡೋ ಅಗ್ಗದ ರಟ್ಟೋ ಬಡಿದಿದ್ದರೆ ಅದನ್ನೂ ಬರೆದುಕೊಳ್ಳಿ. ಅದರಿಂದ ಹೊರಡುವ ಹುಳಿ ಅಂಶ ವರ್ಷಗಟ್ಟಲೆ ಚಿತ್ರದ ಕಾಗದವನ್ನು ಕಂದು ಮಾಡಿ ಮುರುಕಲು ಮಾಡುತ್ತದೆ. ಹಿಂದೆ ಏನಾದರೂ ಬರಹ, ಮುದ್ರೆ, ಕಟ್ಟು ಹಾಕಿಸಿದ ಅಂಗಡಿಯ ಚೀಟಿ ಇದ್ದರೆ ಕಿತ್ತು ಬಿಸಾಡಬೇಡಿ. ಕಟ್ಟು ಯಾವಾಗ ಬದಲಾಯಿತು ಎಂದು ಅದೇ ಹೇಳಬಹುದು.

ಗೋಡೆ ಥಂಡಿಯೋ, ಗಾಳಿ ಥಂಡಿಯೋ

ಬೂಷ್ಟು, ನೀರಿನ ಗೆರೆ, ಕೆಳಗಿನ ಅಂಚಿನಲ್ಲಿ ಚಕ್ಕೆ ಇದ್ದರೆ ತೇವದ ಮೇಲೆ ಗುಮಾನಿ. ಆದರೆ ತೇವ ಎಲ್ಲಿಂದ? ಇದನ್ನು ತಿಳಿಯಲು ದುಡ್ಡಿಲ್ಲದ ಪರೀಕ್ಷೆ ಒಂದಿದೆ. ಚಿತ್ರ ಇದ್ದ ಜಾಗದಲ್ಲೇ ಒಂದು ಮೊಳ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಚ್ಚಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ ಎರಡು ದಿನ ಬಿಡಿ. ಹನಿ ಹಾಳೆಯ ಒಳಗಡೆ, ಅಂದರೆ ಗೋಡೆಯ ಕಡೆ ಕೂತರೆ ಗೋಡೆಯಲ್ಲೇ ನೀರಿದೆ. ಬಚ್ಚಲಿನ ಪೈಪೋ, ಸೋರುವ ತಾರಸಿಯೋ, ಆಚೆ ಕಡೆಯ ಮಳೆಯೋ ಹುಡುಕಬೇಕು. ಹನಿ ಹೊರಗಡೆ ಕೂತರೆ ಕೋಣೆಯ ಗಾಳಿಯಲ್ಲೇ ತೇವ ಜಾಸ್ತಿ.

ಅಂಗಡಿಯಲ್ಲಿ ಸಿಗುವ ಸಣ್ಣ ಡಿಜಿಟಲ್ ತೇವಮಾಪಕವೂ ಸಾಕು. ಅದನ್ನು ಕೋಣೆಯ ನಡುವೆ ಒಂದು ದಿನ, ಚಿತ್ರದ ಬೆನ್ನ ಹಿಂದೆ ಒಂದು ದಿನ ಇಟ್ಟು ನೋಡಿ. ನಡುವೆ 60 ಇದ್ದು ಬೆನ್ನ ಹಿಂದೆ 75 ಇದ್ದರೆ ಉತ್ತರ ಸಿಕ್ಕಂತೆಯೇ. ತೇವಾಂಶ 65 ಶೇಕಡ ದಾಟಿ ಹಾಗೇ ಉಳಿದರೆ ಬೂಷ್ಟು ಬೆಳೆಯಲು ಶುರುವಾಗುತ್ತದೆ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲಕ್ಕೆ ಇದು ದಿನವೂ ಇರುವ ಮಾತು. ಬೆಂಗಳೂರು, ಮೈಸೂರಿನ ಕಡೆ ತೊಂದರೆ ಬೇರೆ. ಅಲ್ಲಿ ಮಾರ್ಚಿಯ ಒಣ ಗಾಳಿಗೂ ಆಗಸ್ಟಿನ ತೇವಕ್ಕೂ ಇರುವ ಅಂತರವೇ ಹಲಗೆಯನ್ನು ಎಳೆದಾಡುತ್ತದೆ. ಏಸಿ ಹಾಕಿ ನಿಲ್ಲಿಸುವ ಕೋಣೆಯಲ್ಲಿ ಇದೇ ಎಳೆದಾಟ ದಿನಕ್ಕೊಮ್ಮೆ ನಡೆಯುತ್ತದೆ. ಒಂದೇ ಮಟ್ಟದಲ್ಲಿ ಇರುವ ಸ್ವಲ್ಪ ಜಾಸ್ತಿ ತೇವಕ್ಕಿಂತ ಈ ಏರಿಳಿತ ಗೆಸ್ಸೊಗೆ ಹೆಚ್ಚು ಕೆಟ್ಟದ್ದು.

ಹಳೆಯ ಮನೆಗಳಲ್ಲಿ ಪಟಗಳನ್ನು ಮುಂದಕ್ಕೆ ಬಾಗಿಸಿ ತೂಗುಹಾಕುತ್ತಿದ್ದರು, ನೆನಪಿದೆಯಾ? ಕೆಳಗೆ ಎರಡು ಮರದ ತುಂಡು, ಮೇಲೆ ಹಗ್ಗ. ಬೆನ್ನ ಹಿಂದೆ ಗಾಳಿ ಆಡುತ್ತಿತ್ತು. ಈಗ ಗೋಡೆಗೆ ಅಂಟಿದಂತೆ ಚಪ್ಪಟೆಯಾಗಿ ಹಾಕುವುದು ಚೆಂದ ಕಾಣುತ್ತದೆ, ಆದರೆ ಗೋಡೆಯ ಥಂಡಿ ನೇರವಾಗಿ ಚಿತ್ರಕ್ಕೆ. ಕಟ್ಟಿನ ಹಿಂದಿನ ಕೆಳಗಿನ ಎರಡು ಮೂಲೆಗೆ ಬಾಟಲಿಯ ಬೆಂಡಿನ ಬಿರಡೆ ಕತ್ತರಿಸಿ ಅಂಟಿಸಿದರೂ ಸಾಕು, ಗಾಳಿಗೆ ದಾರಿಯಾಗುತ್ತದೆ. ಇದು ನೀವೇ ಮಾಡಬಹುದಾದ, ಯಾರೂ ಬೈಯದ ರಿಪೇರಿ.

ಹಾಳಾದ ಜಾಗ ಏನು ಹೇಳುತ್ತದೆ

ಈಗ ಮುಂಭಾಗ. ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಚಿತ್ರದ ಪಕ್ಕದಲ್ಲಿ, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಹಿಡಿಯಿರಿ. ಎದುರಿನಿಂದ ಚೆನ್ನಾಗಿ ಕಾಣುತ್ತಿದ್ದ ಚಿತ್ರದಲ್ಲಿ ಎಷ್ಟು ಕಡೆ ಉಬ್ಬಿದೆ, ಎಷ್ಟು ಕಡೆ ಅಂಚು ಎದ್ದಿದೆ ಎಂದು ನೆರಳಿನಲ್ಲಿ ಕಾಣುತ್ತದೆ. ನಾಲ್ಕೂ ಕಡೆಯಿಂದ ಹೀಗೆ ನೋಡಿ. ಒಂದು ಹಾಳೆಯ ಮೇಲೆ ಚಿತ್ರದ ಆಕಾರ ಗೀಚಿಕೊಂಡು, ಹಾಳಾದ ಜಾಗಗಳಿಗೆ ಗುರುತು ಹಾಕುತ್ತಾ ಹೋಗಿ. ಈ ನಕ್ಷೆ ಮುಗಿಯುವ ಹೊತ್ತಿಗೆ ಕಾರಣ ಅರ್ಧ ಗೊತ್ತಾಗಿರುತ್ತದೆ.

ಕೆಳಗಿನ ಅಂಚಿನುದ್ದಕ್ಕೂ ಎದ್ದಿದ್ದರೆ ಗೋಡೆಯ ತೇವ ಅಥವಾ ಕಟ್ಟಿನ ತಳದಲ್ಲಿ ನಿಂತ ನೀರು. ಹಲಗೆಯ ಎಳೆಯ ದಿಕ್ಕಿನಲ್ಲಿ ಉದ್ದುದ್ದ ಗೆರೆಯಾಗಿ ಎದ್ದಿದ್ದರೆ ಹಲಗೆ ಕುಗ್ಗಿದೆ ಅಥವಾ ಸೀಳಿದೆ. ಒಂದು ಮಗ್ಗುಲು ಮಾತ್ರ ಬೊಬ್ಬೆ ಎದ್ದಿದ್ದರೆ ಆ ಕಡೆ ಬಿಸಿಲು ಬೀಳುತ್ತಿದೆಯೇ, ಬಲ್ಬ್ ಇದೆಯೇ, ಹಿಂದಿನ ಗೋಡೆಯ ಆಚೆ ಒಲೆ ಇದೆಯೇ ನೋಡಿ.

ಮೇಲಿನ ಅಂಚಿನ ನಡುವೆ ಅಥವಾ ಎರಡು ಹೆಗಲ ಮೂಲೆಯಲ್ಲಿ ಹಾಳಾಗಿದ್ದರೆ? ಬಹಳ ಜನಕ್ಕೆ ಇದು ಹೊಳೆಯುವುದಿಲ್ಲ. ಹೂವಿನ ಹಾರ. ನೀರು ಚಿಮುಕಿಸಿದ ಹಾರವನ್ನು ಕಟ್ಟಿನ ಮೇಲೆ ಇಳಿಬಿಟ್ಟರೆ ನೀರು ನಿಧಾನಕ್ಕೆ ಗಾಜಿನ ಸಂದಿಯಲ್ಲಿ ಇಳಿಯುತ್ತದೆ. ಒಣಗಿದ ಹೂವು ಅಲ್ಲೇ ಉಳಿದರೆ ಹುಳಕ್ಕೂ ಮನೆ. ಹಬ್ಬ ಹಬ್ಬಕ್ಕೂ ಹೀಗೆ ನಡೆದರೆ ಇಪ್ಪತ್ತು ಮೂವತ್ತು ವರ್ಷಕ್ಕೆ ದೇವರ ಕಿರೀಟದ ಮೇಲಿನ ಮಂಟಪ ಪೂರ್ತಿ ಎದ್ದು ಬರುತ್ತದೆ. ಹಾರ ಹಾಕಬೇಡಿ ಎಂದು ನಾನು ಹೇಳುವುದಿಲ್ಲ. ಮುಂದೆ ಒಂದು ಬೇರೆ ಕೊಕ್ಕೆ ಹಾಕಿ, ಹಾರ ಕಟ್ಟಿಗೆ ತಾಗದೆ ತೂಗಲಿ. ಅರಿಶಿನ, ಕುಂಕುಮ, ಗಂಧವೂ ಹಾಗೇ. ಗಾಜಿನ ಮೇಲಿದ್ದರೆ ಒರೆಸಬಹುದು. ಗಾಜಿಲ್ಲದ ಚಿತ್ರದ ಹಣೆಗೆ ನೀರಲ್ಲಿ ಕಲಸಿ ಇಟ್ಟ ಬೊಟ್ಟು ಬಣ್ಣವನ್ನು ಕರಗಿಸಿ ಒಳಗೇ ಇಳಿದಿರುತ್ತದೆ. ಅದನ್ನು ತೆಗೆಯಲು ಹೋದರೆ ಹಣೆಯೂ ಬರುತ್ತದೆ.

ಜಾಗದ ಲೆಕ್ಕ ಯಾವುದಕ್ಕೂ ಹೊಂದದೆ, ಚಿನ್ನದ ಕೆಲಸ ಇರುವಲ್ಲೆಲ್ಲ ಒಂದೇ ಸಮ ಪುಡಿಯಾಗುತ್ತಿದ್ದರೆ ಗೆಸ್ಸೊ ಅಂಟಿನ ಶಕ್ತಿಯೇ ಹೋಗಿದೆ. ಬೂಷ್ಟು ಗೋಂದನ್ನು ತಿಂದಿರಬಹುದು, ಅಥವಾ ಮಾಡುವಾಗಲೇ ಗೋಂದು ಕಡಿಮೆ ಬಿದ್ದಿರಬಹುದು. ಇದು ಎಲ್ಲಕ್ಕಿಂತ ಕಷ್ಟದ ಸ್ಥಿತಿ. ಕುಂಚದ ಕೂದಲು ತಾಗಿದರೂ ಉದುರುತ್ತದೆ. ಮನೆಯಲ್ಲಿ ಏನೂ ಮಾಡದೆ, ಮಲಗಿಸಿಯೇ ಇಟ್ಟು ಗೊತ್ತಿದ್ದವರನ್ನು ಕರೆಯಿರಿ.

ಚಕ್ಕೆಯ ಆಕಾರ

ಎದ್ದ ಚಕ್ಕೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಎಳೆಯುತ್ತಿರುವುದು ಯಾವ ಪದರ ಎಂದು ತಿಳಿಯುತ್ತದೆ. ಇದು ನನಗೆ ಈ ಕೆಲಸದಲ್ಲಿ ಬಹಳ ಇಷ್ಟವಾದ ಭಾಗ.

ಬೇಸಿಗೆಯಲ್ಲಿ ಬತ್ತಿದ ಕೆರೆಯ ಮಣ್ಣಿನಂತೆ ಚಕ್ಕೆಗಳ ಅಂಚು ಸುತ್ತಲೂ ಮೇಲಕ್ಕೆ ಮುರುಟಿ ನಡು ತಗ್ಗಾಗಿದ್ದರೆ, ಮೇಲಿನ ಪದರ ಕುಗ್ಗಿ ಎಳೆಯುತ್ತಿದೆ. ಮೇಲೆ ಯಾರೋ ವಾರ್ನಿಷ್ ಹೊಡೆದಿದ್ದಾರೆ ಎಂದು ಮೊದಲು ಗುಮಾನಿ ಪಡಿ. ಮರದ ಬಾಗಿಲಿಗೆ ಹೊಡೆಯುವ ಪಾಲಿಶ್ ಅಥವಾ ಪಾಲಿಯುರೆಥೇನ್ ಬಳಿದು "ಹೊಳಪು ಬಂತು" ಎಂದು ಕೊಡುವವರು ಇದ್ದಾರೆ. ಅದು ಗಟ್ಟಿಯಾಗುತ್ತಾ ಕುಗ್ಗಿ ಕೆಳಗಿನ ಬಣ್ಣವನ್ನೇ ಕಿತ್ತುಕೊಂಡು ಮೇಲೆ ಬರುತ್ತದೆ. ಹಳದಿಯೂ ಆಗುತ್ತದೆ. ಮೂಲ ಚಿತ್ರಕ್ಕೆ ತೊಂದರೆ ಆಗದಂತೆ ಅದನ್ನು ತೆಗೆಯುವುದು ತೀರಾ ಕಷ್ಟ.

ಎರಡು ಚಕ್ಕೆಗಳ ಅಂಚು ಒಂದಕ್ಕೊಂದು ಒತ್ತಿ, ಎರಡು ಕಡೆಗೂ ಇಳಿಜಾರಾಗಿ ಮೇಲೆದ್ದು ನಿಂತಿದ್ದರೆ ಕಥೆ ತಿರುಗುಮುರುಗು. ಇಲ್ಲಿ ಕುಗ್ಗಿರುವುದು ತಳ. ಹಲಗೆ ಕುಗ್ಗಿತು, ಗೆಸ್ಸೊಗೆ ಜಾಗ ಸಾಲದೆ ಮೇಲಕ್ಕೆ ಎದ್ದಿತು. ಇದನ್ನು ಬೆರಳಲ್ಲಿ ಒತ್ತಿ ಕೂರಿಸಲು ನೋಡಬೇಡಿ. ಕೂರಲು ಜಾಗವೇ ಇಲ್ಲ, ಮುರಿಯುತ್ತದೆ. ಮೊದಲು ಹಲಗೆಯ ತೇವವನ್ನು ವಾರಗಟ್ಟಲೆ ನಿಧಾನಕ್ಕೆ ಸರಿದೂಗಿಸಬೇಕು.

ಒಡೆಯದೆ ಗುಮ್ಮಟದಂತೆ ಉಬ್ಬಿದ್ದರೆ ಒಳಗೆ ಟೊಳ್ಳು. ಎಷ್ಟು ದೂರ ಟೊಳ್ಳಾಗಿದೆ ಎಂದು ತಿಳಿಯಲು ಮುಂಭಾಗವನ್ನು ತಟ್ಟಬೇಡಿ. ಹಲಗೆ ಇದ್ದರೆ ಹಿಂಬದಿಯನ್ನು ಬೆರಳ ಗೆಣ್ಣಿನಿಂದ ಮೆತ್ತಗೆ ತಟ್ಟಿ ಕೇಳಿ. ಗಟ್ಟಿ ಇರುವಲ್ಲಿ ಒಂದು ಸದ್ದು, ಟೊಳ್ಳಿನಲ್ಲಿ ಇನ್ನೊಂದು. ಮುಂದೆ ಚಕ್ಕೆ ಸಡಿಲವಿದ್ದರೆ ಇದೂ ಬೇಡ.

ಚಿನ್ನ ಕಪ್ಪಾದರೆ, ಬಿಳಿ ಕಪ್ಪಾದರೆ

ಶುದ್ಧ ಚಿನ್ನ ಕಪ್ಪಾಗುವುದಿಲ್ಲ. ಕಪ್ಪಾಗಿ ಕಂಡರೆ ಮೇಲೆ ಏನೋ ಕೂತಿದೆ, ಅಥವಾ ಅದು ಶುದ್ಧ ಚಿನ್ನವಲ್ಲ. ಒಣಗಿದ ಹತ್ತಿ ಕಡ್ಡಿಯನ್ನು, ಗಟ್ಟಿಯಾಗಿ ಅಂಟಿಕೊಂಡಿರುವ ಒಂದು ಮೂಲೆಯಲ್ಲಿ ಮಾತ್ರ, ಒಮ್ಮೆ ಮೆತ್ತಗೆ ಹೊರಳಿಸಿ. ಮಸಿ ಬಂದರೆ ದೀಪದ, ಕರ್ಪೂರದ, ಊದುಬತ್ತಿಯ ಹೊಗೆ. ಏನೂ ಬಾರದೆ ಕಂದು ಪೊರೆಯಂತೆ ಇದ್ದರೆ ಹಳೆಯ ವಾರ್ನಿಷ್ ಅಥವಾ ಎಣ್ಣೆ ಜಿಡ್ಡು. ಅಂಚಿನಲ್ಲಿ ಹಸಿರು ಇಣುಕಿದರೆ ಅದು ತಾಮ್ರ ಬೆರೆತ ನಕಲಿ ರೇಕು. ಬೇರೆಲ್ಲ ಕಡೆ ಚಿನ್ನ ಹೊಳೆಯುತ್ತಿದ್ದು ಅಲ್ಲಲ್ಲಿ ಮಾತ್ರ ಚಾಕಲೇಟ್ ಬಣ್ಣದ ಮಂಕು ತೇಪೆ ಇದ್ದರೆ, ಯಾವಾಗಲೋ ಬ್ರಾಂಜ್ ಪೌಡರಿನಲ್ಲಿ ಟಚಪ್ ಮಾಡಿದ್ದಾರೆ. ಬಳಿದ ದಿನ ಅದು ಚಿನ್ನಕ್ಕಿಂತ ಚೆನ್ನಾಗಿ ಹೊಳೆದಿರುತ್ತದೆ.

ಬಿಳಿ ಕಪ್ಪಾಗುವುದು ಬೇರೆಯೇ ರೋಗ, ಮತ್ತು ಇದನ್ನೇ ಹೆಚ್ಚು ಜನ ತಪ್ಪು ತಿಳಿಯುತ್ತಾರೆ. ಮುತ್ತಿನ ಸರ, ಮಲ್ಲಿಗೆ ಹಾರ, ಕಣ್ಣಿನ ಬಿಳಿ, ಹಸುವಿನ ಮೈ ಬೂದು ಅಥವಾ ಕಪ್ಪು ಬಣ್ಣಕ್ಕೆ ತಿರುಗಿದೆ ಅನ್ನಿ. ಮನೆಯವರು ಹೊಗೆ ಎಂದುಕೊಂಡು ಒರೆಸಲು ಹೋಗುತ್ತಾರೆ. ಹೊಗೆಯಾಗಿದ್ದರೆ ಅದು ಬಿಳಿಯನ್ನು ಮಾತ್ರ ಆರಿಸಿಕೊಂಡು ಕೂರುತ್ತಿತ್ತೇ? ಹೊಗೆ ಎಲ್ಲದರ ಮೇಲೂ ಕೂರುತ್ತದೆ, ಮೇಲ್ಭಾಗದಲ್ಲಿ ಜಾಸ್ತಿ. ಕಪ್ಪು ಸರಿಯಾಗಿ ಬಿಳಿ ಬಣ್ಣದ ಗೆರೆಯೊಳಗೇ ನಿಂತಿದ್ದು ಪಕ್ಕದ ಚಿನ್ನ, ಕೆಂಪು ಚೆನ್ನಾಗಿದ್ದರೆ ಅದು ಸಫೇದದ ಬದಲಾವಣೆ. ಗಾಳಿಯಲ್ಲಿನ ಹೈಡ್ರೋಜನ್ ಸಲ್ಫೈಡ್, ಅಂದರೆ ಮೋರಿಯ ಕೊಳೆತ ಮೊಟ್ಟೆ ವಾಸನೆಯ ಅನಿಲ, ಸೀಸದ ಬಿಳಿಯ ಜೊತೆ ಸೇರಿ ಕಪ್ಪು ಸೀಸದ ಸಲ್ಫೈಡ್ ಆಗುತ್ತದೆ. ಎಣ್ಣೆ ಬಣ್ಣದಲ್ಲಿ ಎಣ್ಣೆಯ ಪೊರೆ ಸೀಸವನ್ನು ಕಾಯುತ್ತದೆ. ಗೋಂದಿನ ಬಣ್ಣದಲ್ಲಿ ಆ ರಕ್ಷಣೆ ಇಲ್ಲ. ಆಮೇಲಿನ ಕಾಲದಲ್ಲಿ ಸತುವಿನ ಬಿಳಿ ಬಳಸಿದ ಚಿತ್ರಗಳಲ್ಲಿ ಈ ಕಪ್ಪು ಬರುವುದಿಲ್ಲ. ಸತುವಿನ ಸಲ್ಫೈಡೂ ಬಿಳಿಯೇ.

ಇದನ್ನು ಉಜ್ಜಿದರೆ ಹೋಗುವುದಿಲ್ಲ, ಬಣ್ಣ ಹೋಗುತ್ತದೆ. ಹೈಡ್ರೋಜನ್ ಪೆರಾಕ್ಸೈಡಿನಿಂದ ಕಪ್ಪನ್ನು ಬಿಳಿ ಸೀಸದ ಸಲ್ಫೇಟ್ ಆಗಿ ತಿರುಗಿಸುವ ವಿಧಾನ ಸಂರಕ್ಷಕರಲ್ಲಿ ಇದೆ. ಓದಿಕೊಂಡು ಮನೆಯಲ್ಲಿ ಮಾಡುವಂಥದ್ದಲ್ಲ. ಪಕ್ಕದ ನೀಲಿಗೆ, ಕಾಗದಕ್ಕೆ ಏನಾಗುತ್ತದೆ ಎಂದು ಮೊದಲು ನೋಡಬೇಕು. ಎಷ್ಟೋ ಸಲ ಹಾಗೇ ಬಿಡುವುದೇ ಒಳ್ಳೆಯದು ಎಂದು ತೀರ್ಮಾನಿಸುತ್ತೇವೆ. ನೀವು ಮಾಡಬೇಕಾದ್ದು ಚಿತ್ರ ಬಚ್ಚಲಿನ, ಮೋರಿಯ ಗಾಳಿ ಬರುವ ಗೋಡೆಯ ಮೇಲಿದೆಯೇ ಎಂದು ನೋಡಿ ಜಾಗ ಬದಲಿಸುವುದು.

ಬಣ್ಣ ಮಾಸಿದ್ದರೆ ಒಂದು ಸಾಕ್ಷಿ ಕಟ್ಟಿನ ಒಳಗೇ ಅಡಗಿದೆ. ಕಟ್ಟಿನ ತುಟಿಯ ಕೆಳಗೆ ಮುಚ್ಚಿಹೋಗಿದ್ದ ಅರ್ಧ ಬೆರಳಗಲದ ಅಂಚು ಬೆಳಕು ಕಂಡೇ ಇಲ್ಲ. ಕಟ್ಟು ಬಿಚ್ಚಿದಾಗ ಆ ಅಂಚು ಗಾಢವಾಗಿದ್ದು ಉಳಿದದ್ದು ಪೇಲವವಾಗಿದ್ದರೆ ತಪ್ಪು ಬೆಳಕಿನದು. ಹರಿದಾಳದ ಹಳದಿ, ನೀಲಿ ಗಿಡದ ಬಣ್ಣ (ಇಂಡಿಗೊ) ಬೇಗ ಮಾಸುತ್ತವೆ. ಇಂಗಲೀಕದ ಕೆಂಪು ಮಾಸುವ ಬದಲು ಕಪ್ಪಗಾಗುತ್ತದೆ. ಎರಡೂ ಕಡೆ ಒಂದೇ ಬಣ್ಣವಿದ್ದರೆ ಬೆಳಕನ್ನು ದೂರಬೇಡಿ. ಮಾಸಿದ ಬಣ್ಣ ವಾಪಸ್ ಬರುವುದಿಲ್ಲ. ಮ್ಯೂಸಿಯಂಗಳಲ್ಲಿ ಇಂಥ ಚಿತ್ರಗಳಿಗೆ 50 ಲಕ್ಸ್ ಬೆಳಕು ಮಾತ್ರ ಬಿಡುವುದು ಇದಕ್ಕೇ. ಮನೆಯಲ್ಲಿ ಅಷ್ಟು ಕಡಿಮೆ ಕಷ್ಟ, ಆದರೆ ಕಿಟಕಿಯ ಎದುರಿನ ಗೋಡೆ ತಪ್ಪಿಸಬಹುದು.

ಗಾಜಿಗೆ ಅಂಟಿಕೊಂಡಿದ್ದರೆ

ಗಾಜನ್ನು ಓರೆಯಾಗಿ ನೋಡಿ. ಅಲ್ಲಲ್ಲಿ ಒದ್ದೆಯಾದಂತೆ ಗಾಢವಾಗಿ ಹೊಳೆಯುವ ದ್ವೀಪಗಳು ಕಂಡರೆ ಅಲ್ಲಿ ಗೆಸ್ಸೊ ಅಥವಾ ಬಣ್ಣ ಗಾಜಿಗೆ ಅಂಟಿದೆ. ಉಬ್ಬಿದ ಚಿತ್ರಕ್ಕೆ ಗಾಜು ತಾಗುವ ಹಾಗೆ ಕಟ್ಟು ಹಾಕಿದ್ದೇ ಕಾರಣ. ರಾತ್ರಿ ತಂಪಿಗೆ ಗಾಜಿನ ಒಳಗೆ ಹನಿ ಕೂತು, ಗೋಂದು ಮೆತ್ತಗಾಗಿ, ಒಣಗುವಾಗ ಗಾಜನ್ನೇ ಹಿಡಿದುಕೊಂಡಿದೆ.

ಇಂಥ ಗಾಜನ್ನು ಎತ್ತಬೇಡಿ. ದೇವರ ಮುಖ ಗಾಜಿನ ಜೊತೆ ಹೋಗುತ್ತದೆ. ಬ್ಲೇಡ್ ತೂರಿಸುವುದೂ ಬೇಡ. ಗಾಜು ಒಡೆದಿದ್ದರೆ ಚೂರುಗಳು ಅಲುಗಾಡದಂತೆ ಗಾಜಿನ ಮೇಲೆ ಟೇಪ್ ಹಾಕಿ, ಕಟ್ಟಿನ ಸಮೇತ ಮಲಗಿಸಿ ತನ್ನಿ. ಅಂಟಿಲ್ಲದಿದ್ದರೆ ಮುಂದೆ ಕಟ್ಟು ಹಾಕಿಸುವಾಗ ಗಾಜಿಗೂ ಚಿತ್ರಕ್ಕೂ ನಡುವೆ ಅಂತರದ ಪಟ್ಟಿ ಕೊಡಲು ಹೇಳಿ. ಅತಿ ಎತ್ತರದ ಉಬ್ಬಿಗಿಂತಲೂ ಕೆಲವು ಮಿಲಿಮೀಟರ್ ಜಾಸ್ತಿ ಇರಲಿ. ಕಟ್ಟು ಹಾಕುವವರು ಬೇಡ ಅಂದರೂ ಬಿಡಬೇಡಿ.

ದೋಷ ಜೀವಂತವಿದೆಯೇ

ಎಲ್ಲ ಹಾನಿಯೂ ಈಗ ನಡೆಯುತ್ತಿರುವುದಲ್ಲ. ಹಳೆಯ ಹುಳದ ತೂತಿಗೆ ಹೆದರಿ ಹೊಸ ಔಷಧಿ ಹೊಡೆಯುವುದು ಸುಮ್ನೆ ಅಪಾಯ. ತೂತಿನ ಅಂಚು ಚೂಪಾಗಿದ್ದು ಒಳಗೆ ಮರ ಬೆಳ್ಳಗಿದ್ದರೆ, ಕೆಳಗೆ ಹಾಸಿದ ಕಪ್ಪು ಹಾಳೆಯ ಮೇಲೆ ಕೆಲವು ವಾರದಲ್ಲಿ ಹೊಸ ಪುಡಿ ಬಿದ್ದರೆ ಹುಳು ಒಳಗಿದೆ. ತೂತು ಕಪ್ಪಾಗಿ ಧೂಳು ತುಂಬಿದ್ದರೆ ಅದು ಎಂದೋ ಹೋಗಿದೆ. ಒಳಗಿದ್ದರೂ ಸೀಮೆಎಣ್ಣೆ, ಗೆದ್ದಲ ಔಷಧಿ ಹಚ್ಚಬೇಡಿ. ಅದು ಕಾಗದಕ್ಕೆ ಇಳಿದು ಮುಂದೆ ಕಲೆಯಾಗುತ್ತದೆ. ಸಂರಕ್ಷಣಾಲಯಗಳಲ್ಲಿ ಗಾಳಿಯಾಡದ ಚೀಲದಲ್ಲಿಟ್ಟು, ಆಮ್ಲಜನಕ ತೆಗೆದು, ಮೂರು ವಾರದಷ್ಟು ಕಾಲ ಬಿಟ್ಟು ಹುಳು ಸಾಯಿಸುತ್ತಾರೆ. ಚಿತ್ರಕ್ಕೆ ಏನೂ ತಾಗುವುದಿಲ್ಲ. ಅದುವರೆಗೆ ಬೇರೆ ಮರದ ಸಾಮಾನಿನಿಂದ ದೂರ ಇಡಿ.

ಬೂಷ್ಟು ಮುಗ್ಗಲು ವಾಸನೆ ಬೀರುತ್ತಿದ್ದು, ಹತ್ತಿ ಕಡ್ಡಿಗೆ ಮೆತ್ತಿಕೊಂಡರೆ ಜೀವಂತ. ಒಣಗಿದ ಪುಡಿಯಾಗಿದ್ದರೆ ಮಲಗಿದೆ, ಸತ್ತಿಲ್ಲ. ತೇವ ಸಿಕ್ಕರೆ ಏಳುತ್ತದೆ. ಮುಖಕ್ಕೆ ಎನ್95 ಮಾಸ್ಕ್ ಇಲ್ಲದೆ ಅದನ್ನು ಕೆದಕಬೇಡಿ. ಒಣ, ಗಾಳಿಯಾಡುವ, ಬಿಸಿಲು ಬೀಳದ ಕೋಣೆಗೆ ಚಿತ್ರವನ್ನು ಸಾಗಿಸುವುದೇ ಮೊದಲ ಚಿಕಿತ್ಸೆ. ಬಿಸಿಲಿಗೆ ಇಟ್ಟರೆ ಬೂಷ್ಟು ಸಾಯುತ್ತದೋ ಇಲ್ಲವೋ, ಗೆಸ್ಸೊ ಮಾತ್ರ ಖಂಡಿತ ಸೀಳುತ್ತದೆ. ಹೇರ್ ಡ್ರೈಯರ್‌ಗೂ ಇದೇ ಮಾತು.

ಚಕ್ಕೆ, ಬಿರುಕಿನ ವಿಷಯದಲ್ಲಿ ಫೋಟೊವೇ ಸಾಕ್ಷಿ. ಒಂದೇ ಜಾಗ, ಒಂದೇ ಟಾರ್ಚ್, ಒಂದೇ ಕೋನ. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದ ನಡುವೆ ಒಮ್ಮೆ ತೆಗೆದು ಹೋಲಿಸಿ. ಬಿರುಕು ಬೆಳೆದಿಲ್ಲವಾದರೆ ಅವಸರವಿಲ್ಲ.

ಮನೆಮದ್ದುಗಳು

ಇಲ್ಲಿ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಕತ್ತರಿಸಿದ ಆಲೂಗಡ್ಡೆ, ಬ್ರೆಡ್ಡು, ನಿಂಬೆಹಣ್ಣು, ಹಲ್ಲುಜ್ಜುವ ಪೇಸ್ಟು, ಒದ್ದೆ ಬಟ್ಟೆ, ಇವು ಯಾವುವೂ ಬೇಡ. ಇವೆಲ್ಲದರಲ್ಲೂ ನೀರಿದೆ. ಕೆಲವದರಲ್ಲಿ ಹುಳಿ, ಕೆಲವದರಲ್ಲಿ ಹುಳಕ್ಕೆ ಬೇಕಾದ ಪಿಷ್ಟವೂ ಇದೆ. ಚಕ್ಕೆ ಏಳದ ಗಟ್ಟಿ ಜಾಗದ ಮೇಲಿನ ಸಡಿಲ ಧೂಳನ್ನು ಮೆತ್ತನೆಯ ಒಣ ಕುಂಚದಲ್ಲಿ ತೆಗೆಯಬಹುದು, ಅಷ್ಟೇ.

ಫೆವಿಕಾಲ್ ಥರದ ಬಿಳಿ ಅಂಟು ಮರಗೆಲಸಕ್ಕೆ ಬಹಳ ಒಳ್ಳೆಯದು. ಇಲ್ಲಿ ಅದೇ ಶತ್ರು. ನೀರಿನಿಂದಾಗಿ ಮೊದಲು ಗೋಂದನ್ನು ಕರಗಿಸುತ್ತದೆ. ಆಮೇಲೆ ಬಿಗಿಯಾಗಿ ಒಣಗಿ, ಪಕ್ಕದ ದುರ್ಬಲ ಜಾಗವನ್ನು ಎಳೆಯುತ್ತದೆ. ಮುಂದೆ ಅದನ್ನು ಬಿಡಿಸಲು ಆಗುವುದಿಲ್ಲ. ಸೂಪರ್‌ಗ್ಲೂ ಇದಕ್ಕಿಂತ ಕೆಟ್ಟದ್ದು. ಸೆಲ್ಲೋಟೇಪಿನ ಅಂಟು ಕೆಲವು ವರ್ಷಕ್ಕೆ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ನಾವು ಬಳಸುವುದು ಮೀನಿನ ಅಂಟು, ಮೀಥೈಲ್ ಸೆಲ್ಯುಲೋಸ್, ಪ್ಯಾರಲಾಯ್ಡ್ ಬಿ-72 ಇಂಥವು. ಯಾವುದು ಎಂದು ಚಿತ್ರ ನೋಡಿಯೇ ಹೇಳಬೇಕು. ಎದ್ದ ಜಾಗದ ಮೇಲೆ ತೆಳು ಜಪಾನಿ ಕಾಗದ ಹಾಕಿ, ಸಣ್ಣ ಬಿಸಿ ಕರಣೆಯಿಂದ ಬಹಳ ಮೆಲ್ಲಗೆ ಕೂರಿಸುತ್ತೇವೆ. ಮುಂದೆ ಯಾರಾದರೂ ಇನ್ನೂ ಒಳ್ಳೆಯ ವಿಧಾನ ಕಂಡುಹಿಡಿದರೆ ನಮ್ಮ ಅಂಟನ್ನು ತೆಗೆಯಲು ಬರಬೇಕು, ಅದೇ ಮೊದಲ ಷರತ್ತು.

ಯಾರ ಹತ್ತಿರ, ಹೇಗೆ

ಬೆಂಗಳೂರಿನಲ್ಲಿ ಕಲೆ, ಪರಂಪರೆ ಉಳಿಸುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ. ಲಖನೌದಲ್ಲಿ 1976ರಲ್ಲಿ ಶುರುವಾದ ರಾಷ್ಟ್ರೀಯ ಸಂರಕ್ಷಣಾ ಸಂಶೋಧನಾಲಯದ ಪ್ರಾದೇಶಿಕ ಪ್ರಯೋಗಾಲಯ ಮೈಸೂರಿನಲ್ಲಿದೆ. ಹೊಸ ಚಿತ್ರ ಬರೆಯುವ ಒಳ್ಳೆಯ ಕಲಾವಿದರು ಎಲ್ಲರೂ ಹಳೆಯ ಚಿತ್ರದ ಸಂರಕ್ಷಕರಲ್ಲ. ಅವರ ಕೈ ಚೆನ್ನಾಗಿರುತ್ತದೆ. ಅದೇ ತೊಂದರೆ ಕೂಡ, ಹಳೆಯದರ ಮೇಲೆ ಹೊಸದು ಬರೆದುಬಿಡುತ್ತಾರೆ. "ಹೊಸದರ ಹಾಗೆ ಮಾಡಿಕೊಡ್ತೀನಿ" ಎಂದು ಯಾರಾದರೂ ಅಂದರೆ ಚಿತ್ರವನ್ನು ವಾಪಸ್ ತನ್ನಿ.

ಕೊಡುವ ಮೊದಲು ಇಷ್ಟು ಕೇಳಿ: ಯಾವ ಅಂಟು ಬಳಸುತ್ತೀರಿ, ಅದನ್ನು ಆಮೇಲೆ ತೆಗೆಯಬಹುದೇ, ಬಿಟ್ಟುಹೋದ ಜಾಗಕ್ಕೆ ಮಾತ್ರ ಬಣ್ಣ ಹಾಕುತ್ತೀರಾ ಅಥವಾ ಪಕ್ಕಕ್ಕೂ ಹಬ್ಬಿಸುತ್ತೀರಾ. ಕೆಲಸದ ಮೊದಲಿನ, ನಡುವಿನ, ನಂತರದ ಫೋಟೊ ಸಮೇತ ಬರಹದಲ್ಲಿ ವರದಿ ಕೇಳಿ. ನೀವು ಮಾಡಿದ ನಕ್ಷೆ, ತೇವಮಾಪಕದ ಲೆಕ್ಕ, ಚಕ್ಕೆಯ ಪೊಟ್ಟಣ ಜೊತೆಗೆ ಕೊಡಿ.

ಸಾಗಿಸುವಾಗ ಮುಖ ಮೇಲೆ ಮಾಡಿ ಮಲಗಿಸಿಯೇ ಒಯ್ಯಿರಿ. ಎದ್ದ ಜಾಗಕ್ಕೆ ತಾಗುವಂತೆ ಬಟ್ಟೆ, ಬಬಲ್ ಹಾಳೆ ಸುತ್ತಬೇಡಿ. ಚಿತ್ರಕ್ಕಿಂತ ದೊಡ್ಡದಾದ ಚಪ್ಪಟೆ ರಟ್ಟಿನ ಪೆಟ್ಟಿಗೆ ಸಾಕು. ಕಾರಿನ ಹಿಂದಿನ ಸೀಟು ಸಮತಟ್ಟಾಗಿಲ್ಲದಿದ್ದರೆ ಅಡಿಗೆ ಟವಲ್ ಮಡಿಸಿ ಇಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ.